ಮಗುವಿನ ತೊಡೆ ಮೂಳೆ: ಸಹಿ ಹಾಕುವ ಮುನ್ನ ವಯಸ್ಸು, ತೂಕ ಕೇಳಿ

ಮೈಸೂರಿನ ಮೇಟಗಳ್ಳಿ ಗೊತ್ತಲ್ಲ? ಕೆ.ಆರ್.ಎಸ್. ರಸ್ತೆ, ಟೈರ್ ಕಾರ್ಖಾನೆ, ರಿಂಗ್ ರಸ್ತೆ, ಪಕ್ಕದಲ್ಲೇ ಹೆಬ್ಬಾಳ ಕೈಗಾರಿಕಾ ಪ್ರದೇಶ. ಲಾರಿ, ಕಂಪನಿ ಬಸ್ಸು, ಶಿಫ್ಟ್ ಬಿಟ್ಟಾಗ ಸಾಲುಗಟ್ಟುವ ಬೈಕು. ಅಂಥ ರಸ್ತೆಯಲ್ಲಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋದ ಮಗು ಬಿದ್ದು ತೊಡೆ ಮೂಳೆ ಮುರಿದುಕೊಂಡರೆ, ಆಸ್ಪತ್ರೆ ಸೇರುವ ಮೊದಲೇ ಎರಡು ಸಲಹೆ ಬಂದಿರುತ್ತವೆ.

ಒಂದು, "ಆಪರೇಷನ್ ಬೇಡ, ಪುತ್ತೂರು ಕಟ್ಟು ಕಟ್ಸಿ". ಇನ್ನೊಂದು, "ತಡ ಮಾಡ್ಬೇಡಿ, ರಾಡ್ ಹಾಕ್ಸಿ". ಎರಡೂ ಕಡೆಯವರು ಮಗುವಿನ ವಯಸ್ಸೆಷ್ಟು, ತೂಕವೆಷ್ಟು ಅಂತ ಕೇಳುವುದಿಲ್ಲ. ನಮ್ಮ ತಕರಾರು ಇರುವುದು ಅಲ್ಲೇ.

ಮೊದಲು ಕಟ್ಟಿನ ಮಾತು. (ಇದು ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ್ದಲ್ಲ.) ಸೊಪ್ಪು, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಮೇಲೊಂದು ಬಿಗಿ ಬಟ್ಟೆ. ಅದರಿಂದ ಮಕ್ಕಳು ವಾಸಿಯಾಗಿದ್ದಾರೆ ಅಂತ ನಿಮ್ಮೂರಲ್ಲೂ ಸಾಕ್ಷಿ ಹೇಳುವವರಿದ್ದಾರೆ. ಸುಳ್ಳೇನಲ್ಲ. ಆದರೆ ಸಣ್ಣ ಮಗುವಿನ ಮೂಳೆ ಯಾರು ಕಟ್ಟಿದರೂ ಕೂಡಿಕೊಳ್ಳುತ್ತದೆ. ಅದು ಸೊಟ್ಟಗೆ ಕೂಡಿತೋ, ಕಾಲು ಗಿಡ್ಡವಾಯಿತೋ, ಪಾದ ತಿರುಗಿ ನಿಂತಿತೋ ಅನ್ನುವುದೇ ಪ್ರಶ್ನೆ. ಎಕ್ಸ್‌ರೇ ಇಲ್ಲದೆ ಅದನ್ನು ಯಾರು ನೋಡುತ್ತಾರೆ? ಊದುತ್ತಿರುವ ಕಾಲಿಗೆ ಬಿಗಿ ಕಟ್ಟು ಬಿದ್ದರೆ ರಕ್ತ ಓಡಾಟ ನಿಂತು ಕಾಲೇ ಕೊಳೆಯಬಹುದು. ಬೆರಳು ತಣ್ಣಗಾಗಿ, ನೀಲಿಗಟ್ಟಿ, ಮಗು ಚೀರುತ್ತಿದ್ದರೂ "ನೋವು ಸಹಜ" ಅನ್ನುವವರ ಕೈಗೆ ಮಗುವನ್ನು ಕೊಡಬಾರದು.

ಇನ್ನು ರಾಡಿನ ಮಾತು. ದೊಡ್ಡವರಿಗೆ ಹಾಕುವ ದಪ್ಪ ರಾಡನ್ನು ಸೊಂಟದ ಹತ್ತಿರ ಮೂಳೆಯ ತುದಿಯಿಂದ ಇಳಿಸುತ್ತಾರೆ. ಬೆಳೆಯುವ ಮಗುವಿಗೆ ಅಲ್ಲಿ ತಪ್ಪು ಜಾಗದಿಂದ ಇಳಿಸಿದರೆ ಸೊಂಟದ ಗುಂಡಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಗುಂಡೇ ಸತ್ತುಹೋಗುವ ಅಪಾಯವಿದೆ. ಮಗು ಅಂದರೆ ಸಣ್ಣ ಸೈಜಿನ ದೊಡ್ಡವರಲ್ಲ. ಮೂಳೆಯ ಎರಡೂ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ, ಅದಕ್ಕೆ ಗಾಯವಾಗಬಾರದು.

ಮೂಳೆ ವೈದ್ಯರು ಸಾಮಾನ್ಯವಾಗಿ ಒಪ್ಪುವ ಲೆಕ್ಕ ಹೀಗಿದೆ. ಆರು ತಿಂಗಳೊಳಗಿನ ಕೂಸಿಗೆ ಬಟ್ಟೆಯ ಬೆಲ್ಟು ಅಥವಾ ಪಟ್ಟಿ ಸಾಕು. ಅಲ್ಲಿಂದ ಸುಮಾರು 5 ವರ್ಷದವರೆಗೆ, ಬೇರೆ ತೊಡಕಿಲ್ಲದಿದ್ದರೆ, ಸೊಂಟದಿಂದ ಕಾಲಿನವರೆಗಿನ ಪಿಒಪಿ ಕಟ್ಟು, ಅದಕ್ಕೆ ಸ್ಪೈಕಾ ಅಂತ ಹೆಸರು. ಈ ವಯಸ್ಸಿನಲ್ಲಿ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಆದರೂ ಮೂಳೆ ಬೆಳೆಯುತ್ತಾ ಸರಿಪಡಿಸಿಕೊಳ್ಳುತ್ತದೆ. ಕಕ್ಕಸು, ಸ್ನಾನ, ಎತ್ತಿಕೊಳ್ಳುವುದು ಎಲ್ಲ ಕಷ್ಟ, ಕೆಲವು ವಾರ ತಾಯಿಯ ಸೊಂಟ ಬೀಳುತ್ತದೆ, ನಿಜ. ಆದರೂ ನಾಲ್ಕು ವರ್ಷದ ಮಗುವಿಗೆ ಪ್ಲೇಟು ಹಾಕಬೇಕು ಅಂದರೆ "ಕಟ್ಟು ಯಾಕೆ ಆಗಲ್ಲ?" ಅಂತ ಕೇಳಿ. ತಲೆಗೂ ಪೆಟ್ಟಾಗಿದೆ, ಗಾಯ ತೆರೆದಿದೆ ಅನ್ನುವಂಥ ಕಾರಣವಿದ್ದರೆ ಒಪ್ಪೋಣ. ಕಾರಣವೇ ಹೇಳದಿದ್ದರೆ ಒಪ್ಪುವುದು ಹೇಗೆ?

5ರಿಂದ 11ರ ಮಕ್ಕಳಿಗೆ ಹೆಚ್ಚಾಗಿ ಒಗ್ಗುವುದು ಬಾಗುವ ಸಣ್ಣ ರಾಡು. ಫ್ರಾನ್ಸ್‌ನ ನ್ಯಾನ್ಸಿ ಊರಿನ ವೈದ್ಯರು 1980ರ ಆಸುಪಾಸಿನಲ್ಲಿ ರೂಢಿಗೆ ತಂದ ವಿಧಾನ. ಮೊಣಕಾಲಿನ ಮೇಲೆ ಎರಡು ಪಕ್ಕ ಸಣ್ಣ ಕೊಯ್ತ, ಬೆಳವಣಿಗೆಯ ಪಟ್ಟಿ ತಪ್ಪಿಸಿ ಎರಡು ತೆಳು ರಾಡು ಮೇಲಕ್ಕೆ. ಅವು ಒಳಗೆ ಬಿಲ್ಲಿನಂತೆ ಬಾಗಿ ಮೂಳೆಯನ್ನು ಹಿಡಿಯುತ್ತವೆ. ಹಿಂದೆ ಇದೇ ವಯಸ್ಸಿನ ಮಕ್ಕಳು ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗುತ್ತಿದ್ದರು. ಆದರೆ ಇದೂ ಎಲ್ಲರಿಗಲ್ಲ: ಮಗು 45-50 ಕಿಲೋ ದಾಟಿದ್ದರೆ ತೆಳು ರಾಡು ಬಗ್ಗಿಬಿಡಬಹುದು. ಮೂಳೆ ಓರೆಯಾಗಿ, ಚೂರುಚೂರಾಗಿ ಮುರಿದಿದ್ದರೆ ಪ್ಲೇಟು ಬೇಕಾಗಬಹುದು. ಗಾಯ ತೆರೆದು ಕೊಳೆಯಾಗಿದ್ದರೆ ಹೊರಗಿನಿಂದ ಕಂಬಿ ಕಟ್ಟುತ್ತಾರೆ. 11 ದಾಟಿದವರಿಗೆ ಗಟ್ಟಿ ರಾಡು ಹಾಕಬಹುದು, ಆದರೆ ಪಕ್ಕದ ಎಲುಬಿನ ಉಬ್ಬಿನಿಂದ ಇಳಿಸಬೇಕು.

ಇಷ್ಟನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕು. ಎಷ್ಟೋ ಕಡೆ ಸಿಗುವುದು ಇಂಗ್ಲಿಷಿನ ಕಾಗದ ಮತ್ತು "ಇಲ್ಲಿ ಸಹಿ ಹಾಕಿ" ಅನ್ನುವ ಬೆರಳು. ಗಾಬರಿಯಲ್ಲಿರುವ ಅಪ್ಪನ ಸಹಿಯನ್ನು ಒಪ್ಪಿಗೆ ಅಂತ ಕರೆಯಲು ನಾವು ತಯಾರಿಲ್ಲ.

ಇನ್ನೊಂದು ಸಂಗತಿ. ಮೂರು ವರ್ಷದೊಳಗಿನ ಮಗುವಿನ ತೊಡೆ ಮುರಿದರೆ ವೈದ್ಯರು "ಹೇಗಾಯಿತು?" ಅಂತ ಕೆದಕಿ ಕೇಳುತ್ತಾರೆ. ಯಾರಾದರೂ ಹೊಡೆದಿರಬಹುದೇ ಅಂತ ನೋಡುವುದು ಅವರ ಕೆಲಸ. ಸಿಟ್ಟಾಗಬೇಡಿ.

ದುಡ್ಡಿನ ಹೆದರಿಕೆಯೇ ಜನರನ್ನು ಕಟ್ಟಿನ ಕಡೆ ತಳ್ಳುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಮೇಟಗಳ್ಳಿಯವರಿಗೆ ಅದೇ ರಸ್ತೆಯ ಪಿ.ಕೆ. ಸ್ಯಾನಿಟೋರಿಯಂ ಆವರಣದಲ್ಲಿ ಸರ್ಕಾರಿ ಟ್ರಾಮಾ ಸೆಂಟರ್ ಇದೆ, ಊರೊಳಗೆ ಕೆ.ಆರ್. ಆಸ್ಪತ್ರೆ ಇದೆ. ಬಿದ್ದ ತಕ್ಷಣ ಕಾಲು ಎಳೆಯಬೇಡಿ, ಹಲಗೆ ಕೊಟ್ಟು ಸಡಿಲಾಗಿ ಕಟ್ಟಿ, ತಿನ್ನಲು ಕುಡಿಯಲು ಕೊಡದೆ 108ಕ್ಕೆ ಫೋನ್ ಮಾಡಿ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ವಯಸ್ಸಿಗೆ ತಕ್ಕ ಈ ಲೆಕ್ಕವನ್ನು ಕನ್ನಡದಲ್ಲಿ ಬರೆದ ಒಂದು ಬೋರ್ಡು ಪ್ರತಿ ಮೂಳೆ ವಾರ್ಡಿನ ಬಾಗಿಲಲ್ಲಿರಲಿ. ಒಪ್ಪಿಗೆ ಪತ್ರವೂ ಕನ್ನಡದಲ್ಲಿರಲಿ. ರಾಡು ಹಾಕಿದವರು ಅದನ್ನು ಯಾವಾಗ ತೆಗೆಯುತ್ತಾರೆ, ಆ ಎರಡನೇ ಆಪರೇಷನ್ನಿನ ಖರ್ಚು ಯಾರದು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡಲಿ.