ದುಡ್ಡು ಇವತ್ತು, ವೇಗ ‘ನಾಳೆ ಬಾ’

ನಮ್ಮ ಮಡಕಶಿರ ಸೀಮೆಯಲ್ಲಿ ಮಳೆ ತಡವಾದರೆ ಯಾರನ್ನೂ ಬೈಯೋ ಹಾಗಿಲ್ಲ. ಕರೆಂಟು ತಡವಾದರೆ ಲೈನ್‌ಮನ್‌ನನ್ನು ಬೈಯಬಹುದು, ಅವನು ನಮ್ಮೂರವನೇ, ಟೀ ಅಂಗಡಿಯಲ್ಲಿ ಸಿಗ್ತಾನೆ. ಆದರೆ ಮನೆಯ ಇಂಟರ್‌ನೆಟ್ಟಿನ ವೇಗ ಹೆಚ್ಚಿಸುತ್ತೇವೆಂದು ಹಣ ಕಟ್ಟಿಸಿಕೊಂಡು, ಹೆಚ್ಚಿಸದೆ ಕೂತವರನ್ನು ಬೈಯೋಣ ಅಂದರೆ ಅವರ ಮುಖವೇ ಕಾಣಸಿಗೋದಿಲ್ಲ. ಗಡಿಭಾಗದ ರೈತರು, ವ್ಯಾಪಾರಿಗಳು ಈಗ ಗೂಡಿನ ದರ, ಅಡಿಕೆ ದರ, ಬ್ಯಾಂಕಿನ ಲೆಕ್ಕ, ಮಕ್ಕಳ ಪಾಠ ಎಲ್ಲವನ್ನೂ ಈ ತಂತಿಗೆ ಕಟ್ಟಿಕೊಂಡಿದ್ದೇವೆ. ಹಾಗಾಗಿ ಇದು ಪಟ್ಟಣದವರ ದೂರು ಅಂತ ತಳ್ಳಿಹಾಕುವ ವಿಷಯವಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ಕಡಲೆಕಾಯಿ, ಎರಡೆಕರೆ ಹಿಪ್ಪುನೇರಳೆ, ಬಿಡುವಿದ್ದರೆ ತೆಲುಗಿನಲ್ಲೋ ಕನ್ನಡದಲ್ಲೋ ನಾಲ್ಕು ಸಾಲು ಪದ್ಯ. ಈ ಪೆಟ್ಟಿಗೆ, ತಂತಿಗಳ ಗೊಡವೆ ನನಗೆ ಬೇಕಿರಲಿಲ್ಲ. ಸೊಸೆ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕಟ್ಟಡಗಳ ನಕ್ಷೆ ಬಿಡಿಸಿಕೊಡ್ತಾಳೆ. ಆ ಕಂಪನಿ ಕಾಗದ ಕಳಿಸಿತು: 2025ರ ಜನವರಿ 31ರೊಳಗೆ ಮನೆಯಲ್ಲಿ ಕನಿಷ್ಠ 100 ಎಂಬಿಪಿಎಸ್ ವೇಗ ಇದೆ ಅಂತ ತೋರಿಸಿ, ಇಲ್ಲವಾದರೆ ಕಚೇರಿಗೇ ಬನ್ನಿ. ಬನ್ನಿ ಅಂದರೆ ಸೊಸೆ ಒಬ್ಬಳೇ ಹೋಗೋದಲ್ಲ. ಮಗ ಹೋಗ್ತಾನೆ, ಇಲ್ಲಿನ ಕನ್ನಡ ಶಾಲೆಯಲ್ಲಿ ಮೂರನೇ ತರಗತಿ ಓದೋ ಮೊಮ್ಮಗನೂ ಹೋಗ್ತಾನೆ. ಉಳಿಯೋದು ನಾನು, ನನ್ನಾಕೆ, ಎರಡು ಎಮ್ಮೆ.

ಸಂಕ್ರಾಂತಿ ಕಳೆದು ಜನವರಿ 16ರಂದು 50ರ ಯೋಜನೆಯಿಂದ 200ಕ್ಕೆ ಏರಿಸಲು ಹಣ ಕಟ್ಟಿದೆವು. ‘24 ಗಂಟೆಯೊಳಗೆ ಹೊಸ ವೇಗ’ ಎಂದು ಮೆಸೇಜು ಬಂತು. ಮರುದಿನ ಅಳೆದರೆ 48. ಒಂಬತ್ತು ದಿನ ಬಿಟ್ಟು ಅಳೆದರೂ 48.

ಫೋನು ಮಾಡಿದೆವು. ನಮ್ಮದು ಆಂಧ್ರದ ವಿಳಾಸ, ಕೈಯಲ್ಲಿರೋದು ಕರ್ನಾಟಕದ ಸಿಮ್ಮು. ಕನ್ನಡದಲ್ಲಿ ಸ್ವಾಗತ ಹೇಳಿ, ‘ನಿಮ್ಮ ಸಂಪರ್ಕ ಬೇರೆ ವಲಯದ್ದು’ ಅಂತ ಕೈಬಿಟ್ಟರು. ಮಗನ ಆಂಧ್ರದ ನಂಬರಿನಿಂದ ಮಾಡಿದರೆ ತೆಲುಗು, ಹಿಂದಿ, ಇಂಗ್ಲಿಷ್ ಮಾತ್ರ. ನನಗೇನೋ ಎರಡೂ ಬರುತ್ತೆ, ಮಾತಾಡಿದೆ. ಅಗಳಿ, ರೊಳ್ಳ, ಅಮರಾಪುರದ ಕಡೆ ಮನೆಯೊಳಗೆ ಕನ್ನಡವೇ ಆಡೋ ಮುದುಕಮ್ಮ ಏನು ಒತ್ತಬೇಕು? ಇದು ಬರೀ ಅಭಿಮಾನದ ಮಾತಲ್ಲ, ಹಣ ಕಟ್ಟಿದ ಗ್ರಾಹಕರ ಅಹವಾಲು. ಸಂಬಂಧಪಟ್ಟವರು ಗಮನಿಸಬೇಕು.

ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿತು. ‘ಅಯಿಪೋಯಿಂದಿ ಸಾರ್, ಸಿಸ್ಟಮ್‌ಲೋ ಅಪ್‌ಗ್ರೇಡ್ ಅಯಿಪೋಯಿಂದಿ.’ ತೆಲುಗಿನಲ್ಲಿ ‘ಅಯಿಪೋಯಿಂದಿ’ ಅಂದರೆ ಕೆಲಸ ಮುಗಿಯಿತು ಅಂತಲೂ ಆಗುತ್ತೆ, ಡಬ್ಬದಲ್ಲಿ ಸಕ್ಕರೆ ಖಾಲಿಯಾಯ್ತು ಅಂತಲೂ ಆಗುತ್ತೆ. ನಾನು ಎರಡನೇ ಅರ್ಥ ಹಿಡಿದೆ. ಮತ್ತೆ ಮಾಡಿದಾಗ ‘ರೇಪು’ ಅಂದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ದೆವ್ವಕ್ಕೆ ಹೆದರಿ ‘ನಾಳೆ ಬಾ’ ಅಂತ ಬರೆಸ್ತಿದ್ದರು, ಆಂಧ್ರದ ಊರುಗಳಲ್ಲಿ ‘ಓ ಸ್ತ್ರೀ ರೇಪು ರಾ’. ಈ ಕಂಪನಿಯವರು ಅದನ್ನೇ ಗ್ರಾಹಕರಿಗೆ ಬರೆದಿಟ್ಟಿದ್ದಾರೆ, ದೆವ್ವ ನಾವು. ಎರಡು ಸಲ ದೂರು ಕೊಟ್ಟೆವು. ಎರಡು ಸಲವೂ ‘ನಿಮ್ಮ ದೂರು ಪರಿಹಾರವಾಗಿದೆ’ ಎಂದು ಮೆಸೇಜು ಬಂತು, ಮನೆಗೆ ಒಂದು ನೊಣವೂ ಬರಲಿಲ್ಲ.

ಹನ್ನೊಂದನೇ ದಿನ ಕೇಬಲ್ಲಿನ ಹುಡುಗ ಬಂದ. ಒಳ್ಳೆಯವನೇ. ಗಾಜಿನ ಎಳೆಯ ಬೆಳಕನ್ನು ಮೀಟರಿಟ್ಟು ನೋಡಿದ, ಮೈನಸ್ 19 ತೋರಿಸಿತು. ಮೈನಸ್ 27ರ ಆಚೆ ಇಳಿದರೆ ತೊಂದರೆ, ಇದು ಚೆನ್ನಾಗಿದೆ ಅಂದ. ಪೆಟ್ಟಿಗೆಯ ಮೇಲೆ ಕೆಂಪು ದೀಪವೂ ಇರಲಿಲ್ಲ. ಹಾಗಾದರೆ ತಂತಿ ಹರಿದಿಲ್ಲ, ಕಂಬದ ಮೇಲೆ ಕೋತಿಯೂ ಆಡಿಲ್ಲ. ಆಮೇಲೆ ಅವನು ಮೇಲಿನವರಿಗೆ ಫೋನು ಹಚ್ಚಿ ಅರ್ಧ ಗಂಟೆ ಕಾದು ತಿಳಿದ ಸಂಗತಿ ಇದು: ಬಿಲ್ಲಿನ ಪುಸ್ತಕದಲ್ಲಿ ನಮಗೆ 200 ಬರೆದಾಗಿದೆ, ಲೈನಿನ ಪುಸ್ತಕದಲ್ಲಿ ಇನ್ನೂ 50 ಇದೆ. ಎರಡರ ನಡುವೆ ನಮ್ಮ ಆರ್ಡರು ‘ಪೆಂಡಿಂಗ್’ ಅಂತ ಕೂತಿದೆ.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನು ಕೊಂಡು ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತಿರ್ತೀವಿ, ದುಡ್ಡು ಕೊಟ್ಟಿರ್ತೀವಿ. ಆ ಕಡೆ ಪಹಣಿಯಲ್ಲೋ ಈ ಕಡೆ ಅಡಂಗಲ್ಲಿನಲ್ಲೋ ಹಳೇ ಹೆಸರೇ ಇರುತ್ತೆ. ಪತ್ರ ಕೇಳಿದರೆ ‘ಆಗಿದೆ’ ಅನ್ನೋದೂ ಸುಳ್ಳಲ್ಲ, ಸಾಲ ಕೇಳಿದರೆ ಬ್ಯಾಂಕಿನವನು ‘ಆಗಿಲ್ಲ’ ಅನ್ನೋದೂ ಸುಳ್ಳಲ್ಲ. ಆ ಹುಡುಗಿಯ ಮುಂದೆ ಇದ್ದದ್ದು ಬಿಲ್ಲಿನ ಪುಸ್ತಕ. ಅವಳನ್ನು ಬೈದು ಪ್ರಯೋಜನವಿಲ್ಲ. ‘ಅಮ್ಮಾ, ಲೈನಿನ ಪ್ರೊಫೈಲ್ ಎಷ್ಟಿದೆ ನೋಡು’ ಅಂತ ಮೊದಲ ದಿನವೇ ಕೇಳಿದ್ದರೆ ನಮಗೆ ಹತ್ತು ದಿನ ಉಳೀತಿತ್ತು. ಓದುಗರು ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಲಿ.

ಅಷ್ಟರಲ್ಲಿ 31 ಹತ್ತಿರ ಬಂತು. ಸೊಸೆ ಒಂದು ವಾರ ಗಡುವು ಕೇಳಿ ಪತ್ರ ಬರೆದಳು. ‘ಮಾವ, ಕೊಡದಿದ್ದರೆ ಏನ್ಮಾಡೋದು?’ ಅಂದಳು. ನಾನು ಎಮ್ಮೆಗೆ ಹುಲ್ಲು ಹಾಕುವ ನೆಪದಲ್ಲಿ ಎದ್ದುಹೋದೆ. ಗಡುವು ಕೊಟ್ಟರು.

ಹದಿನಾಲ್ಕನೇ ದಿನ ಲೈನಿನ ಪುಸ್ತಕ ತಿದ್ದಿದರು. ಪೆಟ್ಟಿಗೆಯನ್ನು ಹತ್ತು ನಿಮಿಷ ಆರಿಸಿ ಹೊತ್ತಿಸಿದೆವು, ಹಳೇ ಸಂಪರ್ಕ ಕಡಿದು ಹೊಸದಾಗಿ ಕೂಡಿಕೊಂಡರೇ ಹೊಸ ಲೆಕ್ಕ ಹತ್ತೋದಂತೆ. ಅಳೆದರೆ 94. ನಾನು ಮತ್ತೆ ಕಂಪನಿಯ ಮೇಲೆ ಹರಿಹಾಯುವುದಕ್ಕೆ ಹೊರಟೆ. ಹುಡುಗ ತಡೆದ. ‘ಅಯ್ಯ, 48 ಇದ್ದದ್ದು ಅವರ ತಪ್ಪು. ಈ 94 ನಮ್ಮ ಮನೇದು’ ಅಂದ. 94ರ ಆಸುಪಾಸಿನಲ್ಲಿ ಬಂದು ನಿಂತರೆ ಎಲ್ಲೋ ಒಂದು ಕಡೆ 100ರ ಕೊಂಡಿ ಇದೆ ಅಂತ ಅರ್ಥವಂತೆ. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಗುವ ತಂತಿಯೊಳಗೆ ಎಂಟು ಎಳೆ ಇರುತ್ತವೆ. 100ರವರೆಗೆ ನಾಲ್ಕೆಳೆ ಸಾಕು, ಅದರ ಮೇಲೆ ಬೇಕಂದರೆ ಎಂಟೂ ಕೂಡಬೇಕು. ನಮ್ಮ ತಂತಿಯ ತುದಿಯಲ್ಲಿ ಒಂದೆಳೆ ಕೂತೇ ಇರಲಿಲ್ಲ. ತಂತಿಯ ತುದಿ ಕಟ್ಟಿದವನು ಯಾರು ಅಂದರೆ ಅದೇ ಹುಡುಗ, ಮೂರು ವರ್ಷದ ಹಿಂದೆ. ನಕ್ಕು ಸುಮ್ಮನಾದ. ಬೋರಿನಲ್ಲಿ ಮೂರಿಂಚು ನೀರಿದ್ದು ಒಂದಿಂಚಿನ ಪೈಪು ಹಾಕಿದರೆ ಗಂಗಮ್ಮನನ್ನು ಬೈಯೋಕಾಗುತ್ತಾ? ಹೊಸ ತಂತಿ ತರಲು ಅವನಿಗೆ ಮೂರು ದಿನ ಬೇಕಾಯಿತು. ಹದಿನೇಳನೇ ದಿನ 192 ಬಂತು.

ನನ್ನ ಫೋನಿನಲ್ಲಿ ಮಾತ್ರ ನಡುಮನೆಯಲ್ಲಿ 30 ದಾಟಲಿಲ್ಲ. ನಮ್ಮದು ಮೊಳದಗಲ ಕಲ್ಲುಗೋಡೆಯ ಹಳೇ ಮನೆ. ವೈಫೈಗೆ 2.4, 5 ಅಂತ ಎರಡು ದಾರಿ ಇವೆ: ಮೊದಲನೆಯದು ಗೋಡೆ ದಾಟುತ್ತೆ, ಓಟ ಕಮ್ಮಿ, ಎರಡನೆಯದು ಓಡುತ್ತೆ, ಗೋಡೆ ಕಂಡರೆ ಮುಗ್ಗರಿಸುತ್ತೆ. ದೂರು ಕೊಡುವ ಮುಂಚೆ ಪೆಟ್ಟಿಗೆಯ ಪಕ್ಕ ಕೂತು, ತಂತಿ ಸಿಕ್ಕಿಸಿಯೇ ಅಳೆಯಬೇಕು. ಇಲ್ಲವಾದರೆ ಅವರು ನಿಮ್ಮ ಗೋಡೆಯನ್ನೇ ತೋರಿಸ್ತಾರೆ. ಇನ್ನೊಂದು, ಕಡತ ಇಳಿಯುವಾಗ 6 ಅಂತ ತೋರಿಸಿತೆಂದು ಮೊಮ್ಮಗ ಗಾಬರಿಯಾಗಿದ್ದ. ಕಂಪನಿ ಮಾರೋದು ಬಿಟ್ಟಿನ ಲೆಕ್ಕ, ಕಡತ ಅಳೆಯೋದು ಬೈಟಿನ ಲೆಕ್ಕ. ಎಂಟು ಅರೆಪಾವು ಸೇರಿದರೆ ಒಂದು ಸೇರು, ಎಂಟು ಬಿಟ್ಟಿಗೆ ಒಂದು ಬೈಟು. 48ಕ್ಕೆ 6 ಸರಿಯೇ.

ಈಗ ನನ್ನ ತಕರಾರು. ಹದಿನೇಳರಲ್ಲಿ ಮೂರು ದಿನ ನಮ್ಮ ತಂತಿಯ ತಪ್ಪು, ಬಿಟ್ಟೆ. ಹದಿನಾಲ್ಕು ದಿನ ಅವರದು. ಎರಡು ಯೋಜನೆಗಳ ನಡುವೆ ತಿಂಗಳಿಗೆ 300 ರೂಪಾಯಿ ವ್ಯತ್ಯಾಸ, ಹದಿನಾಲ್ಕು ದಿನಕ್ಕೆ 140 ರೂಪಾಯಿ. ‘ಇಷ್ಟಕ್ಕೆ ಇಷ್ಟು ರಂಪವಾ ಅಪ್ಪ?’ ಅಂದ ಮಗ. ಮಂಡಿಯಲ್ಲಿ ಮೂಟೆಗೆ ಒಂದು ಕೇಜಿ ಸೂಟು ಹಿಡಿದರೆ ನಾವು ತಕ್ಕಡಿ ಹಿಡಿದು ಜಗಳಕ್ಕೆ ನಿಲ್ಲೋದಿಲ್ಲವೇ? ಇದೂ ಸೂಟೇ. ಹಣದ ಗಡಿಯಾರ ಜನವರಿ 16ಕ್ಕೆ ಓಡಲು ಶುರುವಾದರೆ ವೇಗದ ಗಡಿಯಾರವೂ ಅಂದೇ ಓಡಬೇಕು. ಇಲ್ಲವೇ ಲೈನು ಬದಲಾದ ದಿನದಿಂದ ಬಿಲ್ಲು ಹಾಕಲಿ. ಗ್ರಾಹಕ ‘ಹೂಂ’ ಅನ್ನದೆ ದೂರನ್ನು ಮುಚ್ಚುವ ಧೋರಣೆಯೂ ನಿಲ್ಲಬೇಕು.

ಸರ್ಕಾರದ ಲೆಕ್ಕದಲ್ಲಿ ನಮಗೆ ಅನ್ಯಾಯವೇ ಆಗಿಲ್ಲ ಅನ್ನೋದು ಬೇರೆ ಮಾತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಿತು, ಅದಕ್ಕೆ ಮುಂಚೆ 512 ಕೆಬಿಪಿಎಸ್ ಇತ್ತು. 48 ಅದಕ್ಕಿಂತ ಎಷ್ಟೋ ಮೇಲೆ. ರಸೀತಿಯಲ್ಲೂ ‘200ರ ವರೆಗೆ’ ಎಂದು ಸಣ್ಣಕ್ಷರ. ತೆಲುಗಿನ ‘ವರಕು’, ಕನ್ನಡದ ‘ವರೆಗೆ’, ಎರಡೂ ಭಾಷೆಯಲ್ಲಿ ಈ ಪದದ ಬಾಲ ಹಿಡಿಯೋದು ಕಷ್ಟ. ಆದರೂ ದಾರಿ ಇದೆ. ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ದೂರಿಗೂ ಕಂಪನಿ ಒಂದು ಸಂಖ್ಯೆ ಕೊಡಲೇಬೇಕು. ಪರಿಹಾರ ಸಿಗದಿದ್ದರೆ ಆ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಟ್ರಾಯ್ ತಾನೇ ಒಬ್ಬೊಬ್ಬರ ದೂರು ಕೇಳೋದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರವಾಣಿ ವ್ಯಾಜ್ಯವನ್ನೂ ಗ್ರಾಹಕ ವೇದಿಕೆಗೆ ಒಯ್ಯಬಹುದೆಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾನು ಮೇಲ್ಮನವಿ ಬರೆದೆ, ತೆಲುಗಿನಲ್ಲಿ. ಮುಂದಿನ ಬಿಲ್ಲಿನಲ್ಲಿ 140 ಕಳೆದು ಬಂತು. ಕ್ಷಮಾಪಣೆಯ ಒಂದು ಸಾಲೂ ಇರಲಿಲ್ಲ.

ಮೊನ್ನೆ ಸಂಜೆ ಅಗಳಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಫೋನು ಹಿಡಿದುಕೊಂಡು ಬಂದರು. 40ರಿಂದ 100ಕ್ಕೆ ಹಣ ಕಟ್ಟಿ ಆರು ದಿನವಾಯ್ತಂತೆ, ಬರ್ತಿರೋದು 38. ಅವರಿಗೆ ತೆಲುಗು ಮಾತು ಬರುತ್ತೆ, ಅಕ್ಷರ ಬರೋದಿಲ್ಲ. ಯಾವತ್ತು ಕಟ್ಟಿದ್ರಿ ಅಂತ ಕೇಳಿದೆ. ಜೇಬಿನಿಂದ ಮಡಿಸಿದ ರಸೀತಿ ತೆಗೆದರು. ಮೊಮ್ಮಗನ ಹಳೇ ಕಾಪಿ ಪುಸ್ತಕದಲ್ಲಿ ಒಂದು ಹಾಳೆ ತಿರುವಿ, ಮೊದಲು ಆ ತಾರೀಖು ಬರೆದುಕೊಂಡೆ.