ತುರಿಕೆಗೆ ತಂಪು ಬೇಕು, ಕಂಡ ಕಂಡ ಟ್ಯೂಬಲ್ಲ!

ದಾವಣಗೆರೆಗೆ ಬೇಸಿಗೆ ಬಂತೆಂದರೆ ಊರಿಗೆ ಊರೇ ಕೆರೆದುಕೊಳ್ಳುತ್ತದೆ. ನಗುವ ಮಾತಲ್ಲ. ಹರಿಹರದ ಬಸ್ಸಿನಲ್ಲಿ ರೆಕ್ಸಿನ್ ಸೀಟಿಗೆ ಬೆನ್ನು ಅಂಟಿಸಿಕೊಂಡು ಬರುವ ಗುಮಾಸ್ತ, ಚೌಕಿಪೇಟೆಯಲ್ಲಿ ಬೆಳಗಿನಿಂದ ರಾತ್ರಿತನಕ ಗಲ್ಲಾದ ಮುಂದೆ ಕೂತ ಸಾಹುಕಾರ, ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನೆದುರು ಬೇಯುವ ಕೂಲಿಯಾಳು, ಎಲ್ಲರದೂ ಒಂದೇ ಪಾಡು. ಕುತ್ತಿಗೆ, ಬೆನ್ನು, ಸೊಂಟ, ತೊಡೆಸಂದು. ಹೇಳಿಕೊಳ್ಳಲು ನಾಚಿಕೆ, ಸುಮ್ಮನಿರಲು ಆಗದು.

ಆಗೇನು ಮಾಡ್ತಾರೆ? ಬಸ್ಸಿಳಿದವರೇ ಔಷಧಿ ಅಂಗಡಿಗೆ ಹೋಗಿ, ದನಿ ತಗ್ಗಿಸಿ, "ತುರಿಕೆಗೊಂದು ಟ್ಯೂಬ್ ಕೊಡ್ರಿ" ಅನ್ನುತ್ತಾರೆ. ಅಂಗಡಿಯವನೂ ಕೊಡುತ್ತಾನೆ. ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನು ಎಂಬ ಭಯ!

ಬೆವರುಸಾಲೆಗೆ ಟ್ಯೂಬೇ ಬೇಡ. ಬೆವರಿನ ನಾಳ ಕಟ್ಟಿಕೊಂಡು, ಬೆವರು ಚರ್ಮದೊಳಗೇ ನಿಂತು ಏಳುವ ಗುಳ್ಳೆ ಅದು. ತಣ್ಣೀರು ಸ್ನಾನ, ಒರಟಾಗಿ ಉಜ್ಜದೆ ಮೆತ್ತಗೆ ಒತ್ತಿ ಒರೆಸುವುದು, ಸಡಿಲವಾದ ಹತ್ತಿ ಬಟ್ಟೆ, ಗಾಳಿ. ಇಷ್ಟಾದರೆ ಮುಕ್ಕಾಲು ಪಾಲು ಗುಣ. ನೈಲಾನ್ ಬನಿಯನ್ ಬಿಚ್ಚಿದರೇ ಅರ್ಧ ಔಷಧ. ಆದರೆ ನಮ್ಮ ಮನೆಗಳಲ್ಲಿ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ. ಚಳಿಗಾಲದಲ್ಲಿ ಒಣಗಿ ಬಿರಿದ ಚರ್ಮಕ್ಕೆ ಅದು ಅಮೃತವೇ. ಬೆವರುಸಾಲೆಗೆ ಮಾತ್ರ ವೈರಿ: ಮೊದಲೇ ಕಟ್ಟಿದ ರಂಧ್ರಕ್ಕೆ ಮತ್ತೊಂದು ಮುಚ್ಚಳ. ಡಬ್ಬಿಗಟ್ಟಲೆ ಪೌಡರ್ ಸುರಿದುಕೊಂಡರೆ ಬೆವರಿಗೆ ಕಲಸಿ ಅದೂ ಹಿಟ್ಟಾಗಿ ಕೂರುತ್ತದೆ.

ಲೋಳೆಸರ ಒಳ್ಳೆಯದೇ. ಆದರೆ ಸಿಪ್ಪೆಯಡಿಯಿಂದ ಒಸರುವ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಕೊಯ್ದ ಎಲೆಯನ್ನು ಸ್ವಲ್ಪ ಹೊತ್ತು ಓರೆಯಾಗಿ ನಿಲ್ಲಿಸಿ ಆ ರಸ ಇಳಿಸಿ, ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ಹಚ್ಚಬೇಕು. ಮೊದಲು ಮೊಣಕೈ ಒಳಗೆ ಚೂರು ಹಚ್ಚಿ ಒಂದು ದಿನ ನೋಡುವುದು ಇನ್ನೂ ಜಾಣತನ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆ ಬರುತ್ತದೆ. ಬೆಳ್ಳುಳ್ಳಿ ಅರೆದು ಕಟ್ಟಿದವರ ಗತಿಯೂ ಅದೇ. ಅಡಿಗೆಮನೆಯಲ್ಲಿ ಇದ್ದದ್ದೆಲ್ಲ ಮದ್ದು ಎಂದವರು ಯಾರೋ!

ಪಿತ್ತಗಂಧೆ ಎದ್ದರೆ ಕರೀ ಕಂಬಳಿ ಹೊದಿಸುವ ಪದ್ಧತಿ ಹಳ್ಳಿಗಳಲ್ಲಿದೆ. ಆ ದದ್ದುಗಳಲ್ಲಿ ಬಹುಪಾಲು ಕೆಲವು ಗಂಟೆಗಳಲ್ಲಿ ತಾವಾಗೇ ಇಳಿಯುತ್ತವೆ. ಹೆಸರು ಮಾತ್ರ ಕಂಬಳಿಗೆ. ಒರಟು ಉಣ್ಣೆಯ ತಿಕ್ಕಾಟಕ್ಕಿಂತ ಒದ್ದೆ ಬಟ್ಟೆಯೇ ವಾಸಿ. ತುಟಿ ಊದಿ ಉಸಿರು ಕಟ್ಟಿದಂತಾದರೆ ಕಂಬಳಿಯೂ ಬೇಡ, ಒದ್ದೆ ಬಟ್ಟೆಯೂ ಬೇಡ, ಆಸ್ಪತ್ರೆಗೆ ಓಡಬೇಕು.

ಇನ್ನು ಆ ಟ್ಯೂಬಿನ ಸಂಗತಿ. ದುಂಡಗೆ ಬಳೆಯಂತೆ ಹಬ್ಬುವ ಹುಳುಕಡ್ಡಿ ಇದೆಯಲ್ಲ, ಅದರಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಬೂಷ್ಟಿನ ಜಾತಿಯ ಸೋಂಕು. ಅದಕ್ಕೆ ಸ್ಟಿರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ಮಾಯ. "ಅಬ್ಬಾ, ಏನು ಮದ್ದು!" ಎಂದು ಅದೇ ಟ್ಯೂಬನ್ನು ಮನೆಮಂದಿಗೆಲ್ಲ ಹಂಚುತ್ತಾರೆ. ಒಳಗೆ ನಡೆಯುವುದೇ ಬೇರೆ. ಸ್ಟಿರಾಯ್ಡ್ ಚರ್ಮದ ಕಾವಲನ್ನೇ ಮಲಗಿಸಿಬಿಡುತ್ತದೆ. ಬೂಷ್ಟು ನಿಶ್ಚಿಂತೆಯಿಂದ ಬೆಳೆಯುತ್ತದೆ. ಹಚ್ಚುವುದು ಬಿಟ್ಟರೆ ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ತೊಡೆಸಂದಿನಲ್ಲಿ ಬರೆ ಬೀಳುತ್ತದೆ. ಆ ಬರೆ ಪೂರಾ ಹೋಗುವುದಿಲ್ಲ.

ಕಾನೂನು ಇಲ್ಲವೇ? ಇದೆ. ಚರ್ಮಕ್ಕೆ ಹಚ್ಚುವ 14 ಬಗೆಯ ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು. ಚೀಟಿ ಕೇಳುವ ಅಂಗಡಿಗಳೂ ಇವೆ, ಅವರಿಗೆ ನಮಸ್ಕಾರ. ಕೇಳದವರ ಮೇಲೆ ಔಷಧ ನಿಯಂತ್ರಣ ಇಲಾಖೆಯ ಕಣ್ಣು ಬೀಳಬೇಕು. ಗಿರಾಕಿಯೂ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿಸಿಕೊಳ್ಳಲಿ: ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಅದು ಸ್ಟಿರಾಯ್ಡ್. ಇಸಬು ಮುಂತಾದ ರೋಗಗಳಿಗೆ ಡಾಕ್ಟರು ಅದನ್ನು ಲೆಕ್ಕ ಹಾಕಿ ಕೊಡುತ್ತಾರೆ, ಅಲ್ಲಿ ಅದು ಬೇಕು ಕೂಡ. ಗಲ್ಲಾದ ಮುಂದೆ ಕೈಚಾಚಿ ಕೇಳಿ ಪಡೆಯುವ ಪದಾರ್ಥ ಅದಲ್ಲ.

ಹುಳುಕಡ್ಡಿಗೆ ಬೇವಿನ ನೀರು, ಅರಿಶಿನ ಹಚ್ಚಿಕೊಂಡು ತಿಂಗಳು ತಳ್ಳುವುದೂ ತಪ್ಪೇ. ತಂಪಾದೀತು, ಬೇರು ಹೋಗದು. ಬೂಷ್ಟು ಕೊಲ್ಲುವ ಔಷಧವನ್ನು ಡಾಕ್ಟರು ಹೇಳಿದಷ್ಟು ವಾರ ಹಚ್ಚಬೇಕು, ಕಲೆ ಮಾಸಿತೆಂದು ನಡುವೆ ಬಿಡಬಾರದು. ಒಂದೇ ಟವೆಲ್‌ನಲ್ಲಿ ಇಡೀ ಮನೆ ಒರೆಸಿಕೊಳ್ಳುವುದು ನಿಲ್ಲಬೇಕು. ಸೋಂಕಿದವರ ಬಟ್ಟೆ ಬೇರೆ ಒಗೆದು ಬಿಸಿಲಿಗೆ ಹಾಕಬೇಕು. ಬಿಸಿಲಿಗೇನು, ದಾವಣಗೆರೆಯಲ್ಲಿ ಬರವೇ? ಮನೆಯಲ್ಲಿ ಇಬ್ಬರು ಮೂವರು ಕೆರೆದುಕೊಳ್ಳುತ್ತಿದ್ದರೆ ಎಲ್ಲರೂ ಒಟ್ಟಿಗೇ ತೋರಿಸಿಕೊಳ್ಳಬೇಕು. ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಂದ ಮತ್ತೆ ಹತ್ತುತ್ತದೆ. ಜಿಲ್ಲಾ ಆಸ್ಪತ್ರೆ ಊರೊಳಗೇ ಇದೆ. ಅಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋದೀತು, ನಿಜ. ಟ್ಯೂಬಿನ ಮೇಲೆ ಟ್ಯೂಬು ಕೊಂಡವರು ಕಳೆದುಕೊಂಡಿದ್ದು ಅದಕ್ಕಿಂತ ಹೆಚ್ಚು.