ಹಿತ್ತಿಲಿನ ಸೈಕಲ್

ಸಹೋದರಿ, 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ನಿಮಗೂ ಒಂದು ಸಿಕ್ಕಿರಬಹುದು. ಶಾಲೆ ಮುಗಿಯಿತು, ಸೈಕಲ್ ಹಿತ್ತಿಲು ಸೇರಿತು. ಈಗ ಮಗಳು ಅದನ್ನು ಕೇಳಿದರೆ 'ಜನ ಏನಂದಾರು' ಎನ್ನಬೇಡಿ. ಗಾಳಿ ತುಂಬಿಸಿ, ಒಂದು ರವಿವಾರ ಮುಂಜಾನೆ ನೀವೂ ಜೊತೆಗೆ ಹೊರಡಿ. ಕಲಿತದ್ದು ಮರೆಯುವುದಿಲ್ಲ, ಮೊಣಕಾಲು ಮಾತ್ರ ಸ್ವಲ್ಪ ದೂರೀತು!

ಜಮಖಂಡಿಯಲ್ಲಿ ಪಟವರ್ಧನ ಅರಸರ ರಾಮತೀರ್ಥದ ಅರಮನೆಯಿದೆ. ಅಲ್ಲಿಂದ ಕೃಷ್ಣೆಯ ಕಡೆಗೆ ಹೊರಟರೆ ಚಿಕ್ಕಪಡಸಲಗಿ ಬ್ಯಾರೇಜು. 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ 'ಶ್ರಮಬಿಂದು ಸಾಗರ' ಅದು. ಅರಮನೆಗಿಂತ ನನಗೆ ಈ ನೀರೇ ದೊಡ್ಡದು. ಮಗಳಿಗೆ ಆ ಕಥೆಯನ್ನು ದಂಡೆಯ ಮೇಲೆ ಕುಳಿತೇ ಹೇಳಿ. ಬೀಳಗಿಯ ಆರೆತ್ತಿನ ಬಾವಿ ಇನ್ನೊಂದು ದಿನಕ್ಕಿರಲಿ.

ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ಪಿನ್ನು ಹಾಕಿಕೊಳ್ಳಿ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ಇಳಿದು ದಾರಿ ಬಿಡಿ.